ಜರ್ಮನಿಯ ಮುಖಂಡರು ಬರುವ ದಾರಿ

ರೇಡಿಯೋದಲ್ಲಿ ವಿದೇಶದ ವಾರ್ತೆಗಳನ್ನು ಗಮನವಿಟ್ಟು ಕೇಳುವವರಿಗೆ ಒಂದು ಸಂಗತಿ ಸೋಜಿಗವನ್ನುಂಟುಮಾಡಿರಬೇಕು. ಜರ್ಮನಿಯ ಯಾವುದೋ ಒಂದು ರಾಜ್ಯದಲ್ಲಿ ಚುನಾವಣೆ ನಡೆಯುತ್ತದೆ. ಅಲ್ಲಿ ಒಂದು ಪಕ್ಷ ಸೋಲುತ್ತದೆ. ಮರುಗಳಿಗೆಗೇ ರಾಷ್ಟ್ರದ ಚಾನ್ಸಲರರ ಗದ್ದುಗೆ ಅಲುಗಿತೆಂದು ವಾರ್ತೆ ಬರುತ್ತದೆ. ರಾಜ್ಯದ ಚುನಾವಣೆಗೂ ಕೇಂದ್ರದ ಗದ್ದುಗೆಗೂ ಇಷ್ಟು ಹತ್ತಿರದ ನಂಟು ಎಲ್ಲಿಂದ ಬಂತು?

೨೦೦೫ನೆಯ ಇಸವಿ ಮೇ ೨೨ರ ಸಂಜೆ ನಡೆದದ್ದನ್ನೇ ನೋಡಿ. ಆ ದಿನ ನಾರ್ತ್ ರೈನ್-ವೆಸ್ಟ್‌ಫಾಲಿಯ ಎಂಬ ರಾಜ್ಯದಲ್ಲಿ ಮತಗಳ ಎಣಿಕೆ ನಡೆಯಿತು. ಕಲ್ಲಿದ್ದಲು, ಉಕ್ಕುಗಳ ನಾಡು ಅದು. ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ರಾಜ್ಯ. ಅಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ೩೯ ವರ್ಷಗಳಿಂದ ಎಡೆಬಿಡದೆ ಆಳಿಕೊಂಡು ಬಂದಿತ್ತು. ಆ ಸಂಜೆ ಅದು ಸೋತಿತು. ಬರ್ಲಿನ್ನಿನಲ್ಲಿ ಚಾನ್ಸಲರರಾಗಿದ್ದ ಅದೇ ಪಕ್ಷದ ಗೆರ್ಹಾರ್ಡ್ ಶ್ರೋಡರ್ ಅವರ ಅವಧಿ ಇನ್ನೂ ಒಂದು ವರ್ಷಕ್ಕೂ ಮೇಲೆ ಉಳಿದಿತ್ತು. ಆದರೂ ಅದೇ ಸಂಜೆ ಅವರು ರಾಷ್ಟ್ರದ ಚುನಾವಣೆಯನ್ನೇ ಮುಂಚಿತವಾಗಿ ನಡೆಸಬೇಕೆಂದು ಸಾರಿಬಿಟ್ಟರು. ವರ್ಷ ಮುಗಿಯುವುದರೊಳಗೆ ಅವರು ಅಧಿಕಾರದಲ್ಲಿರಲಿಲ್ಲ.

ಇದು ಆತುರದ ನಿರ್ಧಾರವೆಂದು ಹೊರಗಿನವರಿಗೆ ತೋರಬಹುದು. ಆದರೆ ಜರ್ಮನಿಯಲ್ಲಿ ರಾಜ್ಯವೆಂಬುದು ಕೇಂದ್ರದ ಒಂದು ಶಾಖಾ ಕಚೇರಿಯಲ್ಲ. ಕೇಂದ್ರದ ಮುಖಂಡರು ಅಲ್ಲಿಂದ ಹುಟ್ಟಿಬರುತ್ತಾರೆ. ಎಷ್ಟೋ ವೇಳೆ ಅಲ್ಲಿಗೇ ಮರಳಿಹೋಗುತ್ತಾರೆ. ಕೇಂದ್ರದ ಶಾಸನಗಳಲ್ಲಿ ಅನೇಕವು ಆ ರಾಜ್ಯಗಳ ಒಪ್ಪಿಗೆಯಿಲ್ಲದೆ ಶಾಸನಗಳಾಗುವುದೇ ಇಲ್ಲ. ಶ್ರೋಡರರು ಕಳೆದುಕೊಂಡದ್ದು ಒಂದು ರಾಜ್ಯದ ಮಂತ್ರಿಮಂಡಲವನ್ನು ಮಾತ್ರವಲ್ಲ, ತಮ್ಮ ಪಕ್ಷದ ಬೇರನ್ನೇ.

ಈಗ ಜರ್ಮನಿಯಲ್ಲಿ ೧೬ ರಾಜ್ಯಗಳಿವೆ. ಬರ್ಲಿನ್, ಹ್ಯಾಂಬರ್ಗ್, ಬ್ರೆಮೆನ್ ಈ ಮೂರು ನಗರಗಳೇ ರಾಜ್ಯಗಳು. ಅಲ್ಲಿ ಮೇಯರೇ ಮುಖ್ಯಮಂತ್ರಿ, ಸೆನೆಟರುಗಳೇ ಮಂತ್ರಿಗಳು. ಚಾನ್ಸಲರ್ ಎಂದರೆ ನಮ್ಮ ಪ್ರಧಾನಮಂತ್ರಿಯ ಸ್ಥಾನ. ಅವರ ಮೇಲೆ ರಾಷ್ಟ್ರಾಧ್ಯಕ್ಷರೊಬ್ಬರು ಇರುತ್ತಾರೆ. ಅವರಿಗೆ ಗೌರವ ಹೆಚ್ಚು, ಅಧಿಕಾರ ಕಡಮೆ. ಜನರಿಂದ ನೇರವಾಗಿ ಆಯ್ಕೆಯಾಗುವ ಸಭೆಗೆ ಬುಂಡೆಸ್ಟಾಗ್ ಎಂದು ಹೆಸರು. ರಾಜ್ಯಗಳ ಸಭೆಗೆ ಬುಂಡೆಸ್‌ರಾಟ್ ಎಂದು ಹೆಸರು. ಈ ಎರಡನೆಯದನ್ನು ನಮ್ಮ ರಾಜ್ಯಸಭೆಯಂತೆ ಎಂದು ತಿಳಿದರೆ ದಾರಿ ತಪ್ಪುತ್ತದೆ. ರಾಜ್ಯಸಭೆಗೆ ವಿಧಾನಸಭೆಯ ಸದಸ್ಯರು ಯಾರನ್ನೋ ಆರಿಸಿ ಕಳುಹಿಸುತ್ತಾರೆ. ಬುಂಡೆಸ್‌ರಾಟಿನಲ್ಲಿ ಹಾಗೆ ಆರಿಸಿ ಕಳುಹಿಸಿದ ಸದಸ್ಯರೇ ಇಲ್ಲ. ಅಲ್ಲಿ ಕುಳಿತುಕೊಳ್ಳುವವರು ರಾಜ್ಯಗಳ ಮುಖ್ಯಮಂತ್ರಿಗಳು, ಮಂತ್ರಿಗಳು. ಬೆಳಿಗ್ಗೆ ತಮ್ಮ ಊರಿನ ಕಚೇರಿಯಲ್ಲಿ ಶಾಲೆಗಳ, ಪೊಲೀಸರ ಕಾಗದಪತ್ರ ನೋಡುವವರೇ ಬರ್ಲಿನ್ನಿಗೆ ಬಂದು ರಾಷ್ಟ್ರದ ಶಾಸನಕ್ಕೆ ಕೈಯೆತ್ತುತ್ತಾರೆ. ಜನಸಂಖ್ಯೆಗೆ ತಕ್ಕಂತೆ ಒಂದೊಂದು ರಾಜ್ಯಕ್ಕೆ ೩ರಿಂದ ೬ರವರೆಗೆ ಮತಗಳು, ಒಟ್ಟು ೬೯. ಒಂದು ರಾಜ್ಯದ ಮತಗಳೆಲ್ಲವೂ ಒಂದೇ ಕಡೆಗೆ ಬೀಳಬೇಕು, ಒಡೆಯಕೂಡದು. ಇನ್ನೊಂದು ವಿಶೇಷ ಹಕ್ಕೂ ಉಂಟು. ಬುಂಡೆಸ್‌ರಾಟಿನ ಸದಸ್ಯರು, ಎಂದರೆ ರಾಜ್ಯಗಳ ಮಂತ್ರಿಗಳು, ಜನರ ಸಭೆಯಾದ ಬುಂಡೆಸ್ಟಾಗಿಗೂ ಹೋಗಿ ಯಾವಾಗ ಬೇಕಾದರೂ ಮಾತನಾಡಬಹುದು. ಸಭಾಪತಿಗಳು ಅವರಿಗೆ ಅವಕಾಶ ಕೊಡಲೇಬೇಕು.

ಇಂಥ ಏರ್ಪಾಟನ್ನು ಯಾರೂ ಹವ್ಯಾಸಕ್ಕಾಗಿ ಕಟ್ಟಲಿಲ್ಲ. ಅದರ ಹಿಂದೆ ಒಂದು ಕಹಿ ನೆನಪಿದೆ.

ಮೊದಲ ಮಹಾಯುದ್ಧದ ತರುವಾಯ ಜರ್ಮನಿ ಗಣರಾಜ್ಯವಾದಾಗ ಪ್ರಷ್ಯವು ಅದರ ಅತಿ ದೊಡ್ಡ ರಾಜ್ಯವಾಗಿತ್ತು. ಅದರ ಮುಖ್ಯಮಂತ್ರಿಯಾಗಿ ಓಟ್ಟೊ ಬ್ರೌನ್ ಎಂಬ ಸೋಷಿಯಲ್ ಡೆಮಾಕ್ರಟ್ ಮುಖಂಡರು ೧೯೨೦ರಿಂದ ನಡುವೆ ಒಂದೆರಡು ಸಣ್ಣ ಬಿಡುವುಗಳನ್ನುಳಿದು ೧೯೩೨ರವರೆಗೆ ಆಳಿದರು. ಕೇಂದ್ರದಲ್ಲಿ ಮಂತ್ರಿಮಂಡಲಗಳು ತರಗೆಲೆಗಳಂತೆ ಉದುರುತ್ತಿದ್ದ ಆ ಕಾಲದಲ್ಲಿ ಪ್ರಷ್ಯದ ಸರ್ಕಾರವೊಂದೇ ಗಟ್ಟಿಯಾಗಿ ನಿಂತಿತ್ತು. ೧೯೩೨ರ ಜುಲೈ ೨೦ರಂದು ಚಾನ್ಸಲರ್ ಪಾಪೆನ್ ಅಧ್ಯಕ್ಷರ ಆಜ್ಞೆಯ ಬಲದಿಂದ ಆ ಸರ್ಕಾರವನ್ನು ಕಿತ್ತುಹಾಕಿ ಪ್ರಷ್ಯದ ಆಡಳಿತವನ್ನೂ ಪೊಲೀಸರನ್ನೂ ತಮ್ಮ ಕೈಗೆ ತೆಗೆದುಕೊಂಡರು. ಆರು ತಿಂಗಳ ಮೇಲೆ ಹಿಟ್ಲರ್ ಚಾನ್ಸಲರಾದಾಗ ಪ್ರಷ್ಯದ ಪೊಲೀಸ್ ಪಡೆ ಸಿದ್ಧ ಅಡುಗೆಯಂತೆ ನಾಜಿಗಳ ಮುಂದಿತ್ತು. ಮುಂದಿನದು ಬೇಗ ಮುಗಿಯಿತು. ೧೯೩೪ರ ಜನವರಿ ೩೦ರ ಶಾಸನದಿಂದ ರಾಜ್ಯಗಳ ಶಾಸನಸಭೆಗಳು ರದ್ದಾದವು. ಎರಡು ವಾರಗಳ ತರುವಾಯ ರಾಜ್ಯಗಳ ಸಭೆಯನ್ನೂ ಮುಚ್ಚಲಾಯಿತು. ಎದುರುಮಾತಾಡಲು ಒಂದು ಮುಖ್ಯಮಂತ್ರಿಯ ಪೀಠವೂ ದೇಶದಲ್ಲಿ ಉಳಿಯಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಜರ್ಮನಿ ಮಣ್ಣುಗೂಡಿದ ಮೇಲೆ ಅಲ್ಲಿ ಮೊದಲು ಹುಟ್ಟಿದ್ದು ರಾಜ್ಯಗಳು. ಗೆದ್ದ ರಾಷ್ಟ್ರಗಳು ತಮ್ಮ ತಮ್ಮ ವಲಯಗಳಲ್ಲಿ ರಾಜ್ಯಗಳನ್ನು ರಚಿಸಿ ಮುಖ್ಯಮಂತ್ರಿಗಳನ್ನು ನೇಮಿಸಿದವು. ಪ್ರಷ್ಯವನ್ನು ೧೯೪೭ರಲ್ಲಿ ನಕ್ಷೆಯಿಂದಲೇ ಅಳಿಸಿದವು. ೧೯೪೮ರ ಜುಲೈ ೧ರಂದು ಪಶ್ಚಿಮದ ಮೂರು ರಾಷ್ಟ್ರಗಳ ಸೇನಾಧಿಪತಿಗಳು ಫ್ರಾಂಕ್‌ಫರ್ಟಿನಲ್ಲಿ ಈ ಮುಖ್ಯಮಂತ್ರಿಗಳನ್ನು ಕರೆಸಿ, ಒಂದು ರಾಷ್ಟ್ರಕ್ಕೆ ರಾಜ್ಯಾಂಗ ಬರೆಯಿರಿ ಎಂದರು. ರಾಜ್ಯಗಳ ಶಾಸನಸಭೆಗಳು ೬೫ ಮಂದಿಯನ್ನು ಆರಿಸಿ ಬಾನ್ ನಗರಕ್ಕೆ ಕಳುಹಿಸಿದವು. ತಾಯಿಗಿಂತ ಮೊದಲು ಮಕ್ಕಳು ಹುಟ್ಟಿ, ಮಕ್ಕಳೇ ತಾಯಿಗೆ ನಾಮಕರಣ ಮಾಡಿದಂತಾಯಿತು. ೧೯೪೯ರ ಮೇ ೨೩ರಂದು ಪ್ರಕಟವಾದ ಆ ರಾಜ್ಯಾಂಗಕ್ಕೆ ಅವರು ‘ಮೂಲ ಶಾಸನ’ವೆಂದು ಹೆಸರಿಟ್ಟರು. ರಾಷ್ಟ್ರವು ರಾಜ್ಯಗಳಾಗಿ ವಿಭಾಗವಾಗಿರುವುದನ್ನೂ ಶಾಸನ ರಚನೆಯಲ್ಲಿ ರಾಜ್ಯಗಳಿಗಿರುವ ಪಾಲನ್ನೂ ಯಾವ ಬಹುಮತದಿಂದಲೂ ತೆಗೆದುಹಾಕಕೂಡದೆಂದು ಅದರಲ್ಲಿ ಬರೆದಿದೆ. ಬವೇರಿಯದವರಿಗೆ ಇಷ್ಟೂ ಸಾಲಲಿಲ್ಲ. ಅವರ ಶಾಸನಸಭೆ ಆ ಮೂಲ ಶಾಸನವನ್ನು ತಿರಸ್ಕರಿಸಿತು. ಉಳಿದವರು ಒಪ್ಪಿದರೆ ತಾವೂ ಅದಕ್ಕೆ ಬದ್ಧರೆಂದು ಮಾತ್ರ ಹೇಳಿತು.

ಆ ಬಾನ್ ಸಭೆಯ ಅಧ್ಯಕ್ಷತೆ ವಹಿಸಿದ ಮುದುಕರೇ ಮೊದಲ ಚಾನ್ಸಲರಾದ ಕಾನ್ರಾಡ್ ಅಡೆನೌವರ್. ಇವರ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ೧೯೧೭ರಲ್ಲಿ, ತಮ್ಮ ೪೧ನೆಯ ವಯಸ್ಸಿನಲ್ಲಿ, ಅವರು ಕೊಲೋನ್ ನಗರದ ಮೇಯರಾದರು. ೧೬ ವರ್ಷ ಆ ಊರನ್ನು ಮನೆಯ ಯಜಮಾನನಂತೆ ನೋಡಿಕೊಂಡರು. ೧೯೩೩ರ ಫೆಬ್ರವರಿಯಲ್ಲಿ ಹಿಟ್ಲರ್ ಚುನಾವಣೆಯ ಪ್ರಚಾರಕ್ಕೆಂದು ಬಂದಾಗ ಮೇಯರ್ ಸ್ವಾಗತಕ್ಕೆ ಹೋಗಲಿಲ್ಲ. ನದಿಯ ಸೇತುವೆಗೆ ನಾಜಿಗಳು ಕಟ್ಟಿದ್ದ ಬಾವುಟಗಳನ್ನು ಇಳಿಸಿಸಿದರು. ಮುಂದಿನ ತಿಂಗಳೇ ಕೆಲಸ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದವರು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. ಊರು ಬ್ರಿಟಿಷರ ವಶಕ್ಕೆ ಬಂತು. ೧೯೪೫ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು, ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಈತನಿಗೆ ಸಾಕಷ್ಟು ಶಕ್ತಿಯಿಲ್ಲವೆಂದು ಕಾಗದ ಕೊಟ್ಟು ಮನೆಗೆ ಕಳುಹಿಸಿದರು. ಆಗ ಅವರಿಗೆ ೬೯ ವರ್ಷ. ಯಾರಾದರೂ ಇಲ್ಲಿಗೆ ಮುಗಿಯಿತೆನ್ನುತ್ತಿದ್ದರು. ಆದರೆ ಊರಿನ ಚಾಕರಿ ತಪ್ಪಿದ್ದರಿಂದಲೇ ಅವರಿಗೆ ಪಕ್ಷ ಕಟ್ಟಲು ಬಿಡುವು ದೊರೆಯಿತು. ನಾರ್ತ್ ರೈನ್-ವೆಸ್ಟ್‌ಫಾಲಿಯದ ಶಾಸನಸಭೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ನಾಯಕರಾದರು. ಅಲ್ಲಿಂದ ಬಾನ್ ಸಭೆಗೆ ಹೋದರು. ೧೯೪೯ರ ಸೆಪ್ಟೆಂಬರ್ ೧೫ರಂದು ಚಾನ್ಸಲರಾದರು. ಸಭೆಯ ೪೦೨ ಮಂದಿ ಸದಸ್ಯರಲ್ಲಿ ೨೦೨ ಮತಗಳು ಬೇಕಾಗಿದ್ದವು; ಅವರಿಗೆ ಬಿದ್ದದ್ದು ಸರಿಯಾಗಿ ೨೦೨. ಅದರಲ್ಲಿ ಒಂದು ಅವರದೇ ಮತ. ಆ ಒಂದು ಮತದ ಬಲದಿಂದ ಕುಳಿತವರು ೧೯೬೩ರವರೆಗೆ ಏಳಲಿಲ್ಲ! ಆ ಬ್ರಿಟಿಷ್ ಅಧಿಕಾರಿಗೆ ಜರ್ಮನಿ ಎಷ್ಟು ಕೃತಜ್ಞವಾಗಿರಬೇಕೆಂದು ನಾನು ಆಗಾಗ ಯೋಚಿಸುವುದುಂಟು.

ಅಡೆನೌವರರ ತರುವಾಯ ಬಂದ ಲುಡ್ವಿಗ್ ಎರ್ಹಾರ್ಡರು ಯುದ್ಧ ಮುಗಿದೊಡನೆ ಬವೇರಿಯ ರಾಜ್ಯದಲ್ಲಿ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಅರ್ಥಮಂತ್ರಿಯಾಗಿದ್ದವರು. ಅಲ್ಲಿ ಅವರಿಗೆ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ೧೯೪೮ರಲ್ಲಿ ಹೊಸ ನಾಣ್ಯ ಬಂದಾಗ ಬೆಲೆಗಳ ಹತೋಟಿಯನ್ನು ತೆಗೆದುಹಾಕಿದ ಧೈರ್ಯದಿಂದ ಬಂತು.

೧೯೬೬ರ ಡಿಸೆಂಬರಿನಲ್ಲಿ ಎರ್ಹಾರ್ಡರ ಸರ್ಕಾರ ಬಿದ್ದು, ಎರಡು ದೊಡ್ಡ ಪಕ್ಷಗಳೂ ಕೂಡಿ ಸರ್ಕಾರ ರಚಿಸಿದಾಗ, ಚಾನ್ಸಲರಾಗಿ ಸ್ಟುಟ್‌ಗಾರ್ಟಿನಿಂದ ಒಬ್ಬರು ಬಂದರು, ವಿದೇಶಮಂತ್ರಿಯಾಗಿ ಬರ್ಲಿನ್ನಿನಿಂದ ಇನ್ನೊಬ್ಬರು ಬಂದರು. ಇಬ್ಬರೂ ಮೊದಲು ಬಾನ್‌ನ ಸಭೆಯಲ್ಲಿದ್ದು, ರಾಜ್ಯಗಳಿಗೆ ಹೋಗಿ ಆಳಿ, ಮತ್ತೆ ಹಿಂದಿರುಗಿದವರು. ಮೊದಲನೆಯವರು ಬಾಡೆನ್-ವುರ್ಟೆಂಬರ್ಗಿನ ಮುಖ್ಯಮಂತ್ರಿಯಾಗಿ ಎಂಟು ವರ್ಷ ಆಳಿದ ಕುರ್ಟ್ ಗೆಯೋರ್ಗ್ ಕೀಸಿಂಗರ್. ಎರಡನೆಯವರು ಪಶ್ಚಿಮ ಬರ್ಲಿನ್ನಿನ ಮೇಯರಾಗಿ ಒಂಬತ್ತು ವರ್ಷ ಕಳೆದ ವಿಲ್ಲಿ ಬ್ರಾಂಟ್. ಒಂದೇ ಮೇಜಿಗೆ ಕುಳಿತ ಇವರಿಬ್ಬರ ಹಿನ್ನೆಲೆ ಎಷ್ಟು ಬೇರೆ! ಕೀಸಿಂಗರ್ ೧೯೩೩ರಲ್ಲೇ ನಾಜಿ ಪಕ್ಷ ಸೇರಿದ್ದರು. ಯುದ್ಧಕಾಲದಲ್ಲಿ ವಿದೇಶಾಂಗ ಕಚೇರಿಯ ರೇಡಿಯೋ ವಿಭಾಗದಲ್ಲಿ, ಎಂದರೆ ಹೊರನಾಡುಗಳಿಗೆ ನಾಜಿಗಳ ಮಾತನ್ನು ಬಿತ್ತುವ ಕೆಲಸದಲ್ಲಿ, ದೊಡ್ಡ ಹುದ್ದೆಯಲ್ಲಿದ್ದರು. ಬ್ರಾಂಟರು ಅದೇ ೧೯೩೩ರಲ್ಲಿ ನಾಜಿಗಳ ಕೈಗೆ ಸಿಕ್ಕದೆ ನಾರ್ವೆಗೆ ಓಡಿಹೋಗಿ, ಹೆಸರು ಬದಲಾಯಿಸಿಕೊಂಡು, ಅಲ್ಲಿಂದ ಸ್ವೀಡನ್ನಿಗೆ ಹೋಗಿ ಬದುಕಿದವರು. ರೇಡಿಯೋ ಎಂಬ ನಮ್ಮ ಮನೆಯ ಮೂಲೆಯ ಪೆಟ್ಟಿಗೆ ಎಂಥೆಂಥ ಯಜಮಾನರ ಚಾಕರಿ ಮಾಡಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಕೀಸಿಂಗರರ ವಿಷಯದಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ರಾಜ್ಯದ ಅಧಿಕಾರವೆಂಬುದು ತರಬೇತಿಯ ಶಾಲೆ ನಿಜ. ಆದರೆ ಅದು ಹಳೆಯ ಕಲೆಗಳನ್ನು ತೊಳೆಯುವ ಅಗಸನ ಕಟ್ಟೆಯೂ ಆಗಬಲ್ಲದು. ಎಂಟು ವರ್ಷ ಸ್ಟುಟ್‌ಗಾರ್ಟಿನಲ್ಲಿ ಸಜ್ಜನ ಮುಖ್ಯಮಂತ್ರಿ ಎನ್ನಿಸಿಕೊಂಡವರ ಹಳೆಯ ಕಡತವನ್ನು ಯಾರೂ ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಅವರು ರಾಷ್ಟ್ರದ ಚಾನ್ಸಲರಾದ ಮೇಲೆಯೇ ಗುಲ್ಲೆದ್ದಿತು. ೧೯೬೮ರ ನವೆಂಬರಿನಲ್ಲಿ ಬರ್ಲಿನ್ನಿನ ಪಕ್ಷದ ಅಧಿವೇಶನದ ವೇದಿಕೆಯ ಮೇಲೆ ಬೇಯಾಟೆ ಕ್ಲಾರ್ಸ್‌ಫೆಲ್ಡ್ ಎಂಬ ಹೆಂಗಸು ಎಲ್ಲರೆದುರಿಗೆ ಅವರ ಕೆನ್ನೆಗೆ ಹೊಡೆದು ‘ನಾಜಿ’ ಎಂದು ಕೂಗಿದರು. ಮುಂದಿನ ವರ್ಷ ಬ್ರಾಂಟರೇ ಚಾನ್ಸಲರಾದರು. ಬ್ರಾಂಟರಿಗೆ ಆ ಯೋಗ್ಯತೆ ಎಲ್ಲಿಂದ ಬಂತೆಂದು ಕೇಳಿದರೆ, ೧೯೬೧ರ ಆಗಸ್ಟ್ ೧೩ರ ಬೆಳಿಗ್ಗೆ ಊರಿನ ನಡುವೆ ಮುಳ್ಳುತಂತಿ ಬಿದ್ದಾಗ ಅಲ್ಲಿನ ಜನರ ಮುಂದೆ ನಿಂತು ಮಾತನಾಡಬೇಕಾಗಿ ಬಂದದ್ದು ಅವರಿಗೆ ಎಂದು ಹೇಳಬೇಕು. ಎರಡು ಸಲ ರಾಷ್ಟ್ರದ ಚುನಾವಣೆಯಲ್ಲಿ ಸೋತರೂ ಅವರು ಮೇಯರಾಗಿಯೇ ಇದ್ದರು. ಸೋತವರಿಗೆ ನಿಲ್ಲಲು ನೆಲವಿತ್ತು.

ರಾಜ್ಯದಲ್ಲಿ ಮನುಷ್ಯನ ಪರೀಕ್ಷೆ ಹೇಗೆ ನಡೆಯುತ್ತದೆಂಬುದಕ್ಕೆ ಹೆಲ್ಮುಟ್ ಶ್ಮಿಟ್ ಅವರದೇ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ. ಬಾನ್‌ನಲ್ಲಿ ಸೈನ್ಯದ ವಿಷಯವನ್ನು ಚೆನ್ನಾಗಿ ಬಲ್ಲ ಸದಸ್ಯರೆಂದು ಹೆಸರಾಗಿದ್ದ ಅವರು ೧೯೬೧ರ ಕೊನೆಯಲ್ಲಿ ತಮ್ಮ ಹುಟ್ಟೂರಾದ ಹ್ಯಾಂಬರ್ಗಿಗೆ ಬಂದು ಪೊಲೀಸ್ ಸೆನೆಟರಾದರು. ಅದು ಇಳಿದು ಬಂದ ಸ್ಥಾನವೆಂದು ಎಲ್ಲರೂ ಭಾವಿಸಿರಬೇಕು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ೧೯೬೨ರ ಫೆಬ್ರವರಿ ೧೬ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ನೀರನ್ನು ಎಲ್ಬೆ ನದಿಯೊಳಕ್ಕೆ ನೂಕಿತು. ಏರಿಗಳು ಒಡೆದವು. ವಿಲ್ಹೆಲ್ಮ್ಸ್‌ಬುರ್ಗ್ ಎಂಬ ತಗ್ಗು ಪ್ರದೇಶದಲ್ಲಿ ಜನ ನಿದ್ರೆಯಲ್ಲಿದ್ದಂತೆಯೇ ನೀರು ಮನೆಗಳೊಳಗೆ ನುಗ್ಗಿತು. ಚಳಿಗಾಲದ ರಾತ್ರಿ, ವಿದ್ಯುತ್ತಿಲ್ಲ, ಟೆಲಿಫೋನಿಲ್ಲ. ಬೆಳಗಿನ ಜಾವ ಶ್ಮಿಟ್ ಕಚೇರಿಗೆ ಬಂದು ಎಲ್ಲ ಅಧಿಕಾರವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಬಾನ್‌ನ ದಿನಗಳಲ್ಲಿ ಪರಿಚಯವಾಗಿದ್ದ ಸೇನಾಪತಿಗಳನ್ನು ನೇರವಾಗಿ ಕರೆದು ಸೈನಿಕರನ್ನೂ ದೋಣಿಗಳನ್ನೂ ಹೆಲಿಕಾಪ್ಟರುಗಳನ್ನೂ ತರಿಸಿದರು. ಮಿತ್ರರಾಷ್ಟ್ರಗಳ ಸೈನ್ಯಗಳಿಂದಲೂ ನೆರವು ಪಡೆದರು. ಸೈನ್ಯವನ್ನು ಹೀಗೆ ಒಳನಾಡಿನ ಕೆಲಸಕ್ಕೆ ಕರೆಯಲು ಅಂದಿನ ಮೂಲ ಶಾಸನದಲ್ಲಿ ಅನುಮತಿ ಇರಲಿಲ್ಲ. ಆ ಹೊತ್ತಿನಲ್ಲಿ ತಾವು ಶಾಸನದ ಪುಸ್ತಕವನ್ನು ತೆರೆದು ನೋಡಲಿಲ್ಲವೆಂದು ಅವರೇ ಆಮೇಲೆ ಹೇಳಿಕೊಂಡರು. ಹ್ಯಾಂಬರ್ಗಿನಲ್ಲಿ ೩೧೫ ಮಂದಿ ಸತ್ತರು. ಸಾವಿರಾರು ಜನ ಉಳಿದುಕೊಂಡರು. ಆರು ವರ್ಷಗಳ ಮೇಲೆ, ೧೯೬೮ರಲ್ಲಿ, ಇಂಥ ವಿಪತ್ತಿನಲ್ಲಿ ಸೈನ್ಯದ ಸಹಾಯ ಪಡೆಯಬಹುದೆಂದು ಮೂಲ ಶಾಸನವನ್ನೇ ತಿದ್ದಲಾಯಿತು. ಶ್ಮಿಟ್ ರಕ್ಷಣಾಮಂತ್ರಿಯಾಗಿ, ಹಣಕಾಸಿನ ಮಂತ್ರಿಯಾಗಿ, ೧೯೭೪ರಲ್ಲಿ ಚಾನ್ಸಲರಾದರು. ಆದರೂ ಹ್ಯಾಂಬರ್ಗಿನ ಮುದುಕರಿಗೆ ಅವರು ಕೊನೆಯವರೆಗೂ ಪ್ರವಾಹದ ರಾತ್ರಿಯ ಸೆನೆಟರೇ.

ನೀರು ಜರ್ಮನಿಯ ರಾಜಕಾರಣದಲ್ಲಿ ಮತ್ತೆಯೂ ಬಂದಿದೆ. ೨೦೨೧ರ ಜುಲೈ ತಿಂಗಳಲ್ಲಿ ಪಶ್ಚಿಮದ ಆರ್ ಮುಂತಾದ ಸಣ್ಣ ಹೊಳೆಗಳು ಉಕ್ಕಿ ೧೮೦ಕ್ಕೂ ಹೆಚ್ಚು ಮಂದಿ ಸತ್ತಾಗ, ನಾರ್ತ್ ರೈನ್-ವೆಸ್ಟ್‌ಫಾಲಿಯದ ಮುಖ್ಯಮಂತ್ರಿ ಆರ್ಮಿನ್ ಲಾಷೆಟ್ ಅವರು ಚಾನ್ಸಲರ್ ಸ್ಥಾನಕ್ಕೆ ಅಭ್ಯರ್ಥಿಯಾಗಿದ್ದರು. ಕೆಟ್ಟುಹೋದ ಊರಿನಲ್ಲಿ ರಾಷ್ಟ್ರಾಧ್ಯಕ್ಷರು ಸಂತಾಪದ ಮಾತನಾಡುತ್ತಿದ್ದಾಗ, ಹಿಂದೆ ನಿಂತಿದ್ದ ಲಾಷೆಟ್ ಯಾರದೋ ಮಾತಿಗೆ ನಕ್ಕದ್ದು ಕ್ಯಾಮೆರಾದಲ್ಲಿ ಬಿತ್ತು. ಕೆಲವು ಕ್ಷಣಗಳ ನಗೆ. ಕ್ಷಮೆ ಕೇಳಿದರೂ ಅದು ಅಳಿಯಲಿಲ್ಲ. ಅವರ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಜನ ನೆನಪಿಟ್ಟುಕೊಂಡದ್ದು ಇದನ್ನು. ಆ ಚುನಾವಣೆಯ ತರುವಾಯ ಚಾನ್ಸಲರಾದವರು ಯಾರೆಂದರೆ ಶ್ಮಿಟ್ ಅವರ ಊರಾದ ಹ್ಯಾಂಬರ್ಗಿನಲ್ಲಿ ಏಳು ವರ್ಷ ಮೇಯರಾಗಿದ್ದ ಓಲಾಫ್ ಶೋಲ್ಟ್ಸ್.

ಇನ್ನು ಹೆಲ್ಮುಟ್ ಕೋಲ್. ೨೯ನೆಯ ವಯಸ್ಸಿಗೆ ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯದ ಶಾಸನಸಭೆಗೆ, ೩೯ನೆಯ ವಯಸ್ಸಿಗೆ ಅಲ್ಲಿನ ಮುಖ್ಯಮಂತ್ರಿಯ ಪೀಠಕ್ಕೆ. ದ್ರಾಕ್ಷಿತೋಟಗಳ ಆ ಚಿಕ್ಕ ರಾಜ್ಯದ ಶಾಲೆಗಳನ್ನೂ ಜಿಲ್ಲೆಗಳನ್ನೂ ಸುಧಾರಿಸಿ ಹೆಸರು ಪಡೆದರು. ೧೯೭೬ರಲ್ಲಿ ರಾಷ್ಟ್ರದ ಚುನಾವಣೆಗೆ ನಿಂತು, ೧೦೦ಕ್ಕೆ ೪೮.೬ ಮತಗಳನ್ನು ಪಡೆದೂ ಸೋತರು. ಆಗ ಅವರ ಮುಂದೆ ಎರಡು ದಾರಿಗಳಿದ್ದವು: ಮೈನ್ಸ್ ನಗರದ ಮುಖ್ಯಮಂತ್ರಿಯ ಮನೆಗೆ ಮರಳಿ ಸುಖವಾಗಿರುವುದು, ಇಲ್ಲವೆ ಅದನ್ನು ಬಿಟ್ಟು ಬಾನ್‌ನ ವಿರೋಧಪಕ್ಷದ ಬೆಂಚಿನ ಮೇಲೆ ಕಾದು ಕೂರುವುದು. ಅವರು ಪೀಠವನ್ನು ಬಿಟ್ಟು ಬೆಂಚಿಗೆ ಹೋದರು. ಹಳ್ಳಿಯ ಗಮಾರನೆಂದು ರಾಜಧಾನಿಯ ಪತ್ರಿಕೆಗಳು ಆರು ವರ್ಷ ಹಾಸ್ಯ ಮಾಡಿದವು. ೧೯೮೨ರ ಅಕ್ಟೋಬರ್ ೧ರಂದು ಶ್ಮಿಟ್ ಅವರ ಮೇಲೆ ಅವಿಶ್ವಾಸ ಗೊತ್ತುವಳಿ ಗೆದ್ದು ಚಾನ್ಸಲರಾದ ಕೋಲ್ ೧೬ ವರ್ಷ ಆಳಿದರು. ಎರಡು ಜರ್ಮನಿಗಳು ಒಂದಾದದ್ದೂ ಅವರ ಕಾಲದಲ್ಲೇ.

ಅವರ ಸಮಕಾಲೀನರಾದ ಫ್ರಾಂಟ್ಸ್ ಯೋಸೆಫ್ ಸ್ಟ್ರೌಸ್ ಹಿಡಿದದ್ದು ತಿರುಗುದಾರಿ. ಕೇಂದ್ರದಲ್ಲಿ ರಕ್ಷಣಾಮಂತ್ರಿಯಾಗಿದ್ದು, ೧೯೬೨ರಲ್ಲಿ ‘ಸ್ಪೀಗೆಲ್’ ಪತ್ರಿಕೆಯ ಸಂಪಾದಕರನ್ನು ಬಂಧಿಸಿದ ಹಗರಣದಲ್ಲಿ ಆ ಸ್ಥಾನ ಕಳೆದುಕೊಂಡು, ಮತ್ತೆ ಹಣಕಾಸಿನ ಮಂತ್ರಿಯಾಗಿ, ಕೊನೆಗೆ ೧೯೭೮ರಲ್ಲಿ ತವರಾದ ಬವೇರಿಯಕ್ಕೆ ಮುಖ್ಯಮಂತ್ರಿಯಾಗಿ ಹೋದರು. ೧೯೮೦ರಲ್ಲಿ ಚಾನ್ಸಲರ್ ಪದವಿಗೆ ಸ್ಪರ್ಧಿಸಿ ಸೋತರೂ ಅವರು ಮ್ಯೂನಿಕ್ಕಿನಿಂದಲೇ ರಾಷ್ಟ್ರದ ರಾಜಕಾರಣ ನಡೆಸಿದರು. ೧೯೮೩ರಲ್ಲಿ ಕಮ್ಯೂನಿಸ್ಟ್ ಪೂರ್ವ ಜರ್ಮನಿಗೆ ೧೦೦ ಕೋಟಿ ಮಾರ್ಕುಗಳ ಸಾಲ ಕೊಡಿಸಿದವರು, ಕಮ್ಯೂನಿಸ್ಟರನ್ನು ಕಂಡರಾಗದ ಈ ಮುಖ್ಯಮಂತ್ರಿಯೇ. ೧೯೮೭ರ ಡಿಸೆಂಬರಿನಲ್ಲಿ ವಿಮಾನವನ್ನು ತಾವೇ ನಡೆಸಿಕೊಂಡು ಮಾಸ್ಕೋದಲ್ಲಿಳಿದು ಗೋರ್ಬಚೆವರನ್ನು ಕಂಡುಬಂದರು. ಒಂದು ರಾಜ್ಯದ ಮುಖ್ಯಮಂತ್ರಿ!

ಫೋಗೆಲ್ ಸಹೋದರರ ವೃತ್ತಾಂತ ಕೇಳುವುದಕ್ಕೇ ಒಂದು ನಾಟಕದಂತಿದೆ. ಅಣ್ಣ ಹಾನ್ಸ್-ಯೋಖೆನ್ ಸೋಷಿಯಲ್ ಡೆಮಾಕ್ರಟ್. ತಮ್ಮ ಬೆರ್ನ್‌ಹಾರ್ಡ್ ಎದುರುಪಕ್ಷವಾದ ಕ್ರಿಶ್ಚಿಯನ್ ಡೆಮಾಕ್ರಟ್. ಅಣ್ಣ ೩೪ನೆಯ ವಯಸ್ಸಿಗೇ ಮ್ಯೂನಿಕ್ಕಿನ ಮೇಯರಾಗಿ, ಆಮೇಲೆ ಕೇಂದ್ರದಲ್ಲಿ ನ್ಯಾಯಮಂತ್ರಿಯಾಗಿ, ೧೯೮೧ರಲ್ಲಿ ಕೆಲವೇ ತಿಂಗಳು ಬರ್ಲಿನ್ನಿನ ಮೇಯರೂ ಆಗಿದ್ದರು. ಮೈನ್ಸ್ ಬಿಟ್ಟು ಕೋಲ್ ಬಾನ್‌ಗೆ ಹೋದಾಗ ಅವರ ಪೀಠದಲ್ಲಿ ಕುಳಿತವರು ತಮ್ಮ. ೧೯೮೩ರಲ್ಲಿ ಅದೇ ಕೋಲರ ಎದುರಿಗೆ ಚಾನ್ಸಲರ್ ಪದವಿಗೆ ನಿಂತು ಸೋತವರು ಅಣ್ಣ. ತಮ್ಮನೂ ೧೯೮೮ರಲ್ಲಿ ತನ್ನ ಪಕ್ಷದವರಿಂದಲೇ ಮೈನ್ಸಿನಲ್ಲಿ ಸ್ಥಾನ ಕಳೆದುಕೊಂಡರು. ಜರ್ಮನಿ ಒಂದಾದ ತರುವಾಯ ಪೂರ್ವದ ಹೊಸ ರಾಜ್ಯಗಳಿಗೆ ಅನುಭವಿಗಳು ಬೇಕಾದರು. ೧೯೯೨ರಲ್ಲಿ ತುರಿಂಗಿಯದವರು ಬೆರ್ನ್‌ಹಾರ್ಡರನ್ನು ಕರೆದರು. ಅಲ್ಲಿ ೧೧ ವರ್ಷ ಮುಖ್ಯಮಂತ್ರಿಯಾಗಿದ್ದರು. ಜರ್ಮನಿಯಲ್ಲಿ ಎರಡು ರಾಜ್ಯಗಳ ಮುಖ್ಯಮಂತ್ರಿಯಾದವರು ಅವರೊಬ್ಬರೇ. ಪಶ್ಚಿಮದಿಂದ ಬಂದವರು ಪೂರ್ವವನ್ನು ಆಳುವುದೇ ಎಂಬ ಗೊಣಗಾಟ ಇಲ್ಲದಿರಲಿಲ್ಲ. ಆದರೆ ೪೦ ವರ್ಷ ಒಂದೇ ಪಕ್ಷ ಆಳಿದ್ದ ಕಡೆ, ಆ ಪಕ್ಷಕ್ಕೆ ಸೇರದೆಯೂ ಆಡಳಿತ ಬಲ್ಲವರು ಸುಲಭವಾಗಿ ಸಿಗುವುದಾದರೂ ಹೇಗೆ?

ಶ್ರೋಡರರ ವಿಷಯ ಮೊದಲೇ ಬಂತು. ಅವರು ಲೋಯರ್ ಸ್ಯಾಕ್ಸನಿಯ ಮುಖ್ಯಮಂತ್ರಿಯಾಗಿ ಎಂಟು ವರ್ಷ ಇದ್ದವರು. ೧೯೯೮ರಲ್ಲಿ ಚಾನ್ಸಲರ್ ಅಭ್ಯರ್ಥಿ ಶ್ರೋಡರೋ, ಸಾರ್‌ಲ್ಯಾಂಡಿನ ಮುಖ್ಯಮಂತ್ರಿ ಲಾಫೊಂಟೇನರೋ ಎಂಬ ಪ್ರಶ್ನೆ ಪಕ್ಷದಲ್ಲಿತ್ತು. ಮಾರ್ಚ್ ೧ರಂದು ಲೋಯರ್ ಸ್ಯಾಕ್ಸನಿಯ ಜನ ೧೦೦ಕ್ಕೆ ೪೭.೯ ಮತಗಳನ್ನು ಕೊಟ್ಟು ಆ ಪ್ರಶ್ನೆಯನ್ನು ಬಗೆಹರಿಸಿದರು. ಒಂದು ರಾಜ್ಯದ ಜನ ತಮ್ಮ ಶಾಸನಸಭೆಯ ಚುನಾವಣೆಯಲ್ಲಿ ರಾಷ್ಟ್ರದ ಮುಂದಿನ ಚಾನ್ಸಲರರನ್ನು ಆರಿಸಿದಂತಾಯಿತು. ೨೦೦೫ರಲ್ಲಿ ಇನ್ನೊಂದು ರಾಜ್ಯದ ಜನ ಅವರನ್ನು ಇಳಿಸಿದರು. ರಾಜ್ಯ ಕೊಟ್ಟದ್ದನ್ನು ರಾಜ್ಯವೇ ತೆಗೆದುಕೊಂಡಿತು.

ಇವೆಲ್ಲದರಲ್ಲಿ ಕೇಡೂ ಇದೆಯೆಂಬುದನ್ನು ಮರೆಮಾಚಬಾರದು. ಮುಖ್ಯಮಂತ್ರಿಗಳ ಕೈಯಲ್ಲಿ ರಾಷ್ಟ್ರದ ಶಾಸನವನ್ನು ತಡೆಯುವ ಶಕ್ತಿಯಿರುವುದರಿಂದ, ಕೇಂದ್ರದಲ್ಲಿ ಸೋತ ಪಕ್ಷ ಬುಂಡೆಸ್‌ರಾಟಿನ ಬಾಗಿಲಲ್ಲಿ ನಿಂತು ದಾರಿ ಕಟ್ಟಬಹುದು. ೧೯೯೭ರಲ್ಲಿ ಕೋಲರ ತೆರಿಗೆ ಸುಧಾರಣೆ ಬಿದ್ದುಹೋದದ್ದು ಹೀಗೆಯೇ. ಲಾಫೊಂಟೇನರು ಮುಂದೆ ನಿಂತು ಅದನ್ನು ಬೀಳಿಸಿದರು. ೨೦೦೨ರ ಮಾರ್ಚ್ ೨೨ರಂದು ನಡೆದದ್ದಂತೂ ನಗುವಿಗೂ ಎಡೆಕೊಟ್ಟಿತು. ಹೊರನಾಡಿನಿಂದ ಬಂದು ನೆಲೆಸುವವರ ಬಗೆಗಿನ ಮಸೂದೆಗೆ ೩೫ ಮತಗಳು ಬೇಕಾಗಿದ್ದವು. ಎಲ್ಲವೂ ಬ್ರಾಂಡೆನ್‌ಬುರ್ಗಿನ ೪ ಮತಗಳ ಮೇಲೆ ನಿಂತಿತ್ತು. ಆ ರಾಜ್ಯದಲ್ಲಿ ಎರಡು ಪಕ್ಷಗಳ ಕೂಡು ಸರ್ಕಾರ. ಹೆಸರು ಕರೆದಾಗ ಒಬ್ಬ ಮಂತ್ರಿ ‘ಹೌದು’ ಎಂದರು, ಇನ್ನೊಬ್ಬರು ‘ಇಲ್ಲ’ ಎಂದರು. ಅಧ್ಯಕ್ಷಪೀಠದಲ್ಲಿದ್ದ ಬರ್ಲಿನ್ನಿನ ಮೇಯರ್ ವೋವರೈಟ್ ಅವರು ಮುಖ್ಯಮಂತ್ರಿ ಸ್ಟೋಲ್ಪೆಯವರನ್ನು ಕೇಳಿ, ಅವರು ‘ಹೌದು’ ಎಂದ ಕೂಡಲೆ ನಾಲ್ಕು ಮತಗಳನ್ನೂ ‘ಹೌದು’ ಎಂದು ಎಣಿಸಿದರು. ಎದುರುಪಕ್ಷದ ಮುಖ್ಯಮಂತ್ರಿಗಳು ಮೇಜು ಕುಟ್ಟಿ ಕೂಗಾಡಿ ಎದ್ದು ನಡೆದರು. ಕೆಲವು ದಿನಗಳ ಮೇಲೆ ಅವರಲ್ಲೊಬ್ಬರಾದ ಸಾರ್‌ಲ್ಯಾಂಡಿನ ಪೇಟರ್ ಮ್ಯುಲ್ಲರ್ ಅವರು ಆ ಕೋಪ ನಾಟಕವಾಗಿತ್ತೆಂದು, ಆದರೆ ನ್ಯಾಯವಾದ ನಾಟಕವೆಂದು, ಒಂದು ನಾಟಕಶಾಲೆಯಲ್ಲಿಯೇ ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ರಾಜ್ಯಾಂಗ ನ್ಯಾಯಾಲಯ ಆ ಶಾಸನವನ್ನು ರದ್ದುಮಾಡಿತು: ರಾಜ್ಯದ ಮತ ಒಡೆದರೆ ಅದು ಮತವೇ ಅಲ್ಲ. ಮ್ಯುಲ್ಲರ್ ಮುಂದೆ ಅದೇ ನ್ಯಾಯಾಲಯದಲ್ಲಿ ನ್ಯಾಯಾಧೀಶರಾದರು.

೧೯೪೯ರಿಂದ ೨೦೨೫ರವರೆಗೆ ಚಾನ್ಸಲರಾದವರು ಹತ್ತು ಮಂದಿ. ಅವರಲ್ಲಿ ಏಳು ಮಂದಿ ಮೊದಲು ಒಂದಲ್ಲ ಒಂದು ರಾಜ್ಯದ ಸರ್ಕಾರದಲ್ಲಿದ್ದವರು. ಐದು ಮಂದಿ ರಾಜ್ಯದ ಮುಖ್ಯಸ್ಥರೇ ಆಗಿದ್ದವರು. ಉಳಿದ ಮೂವರಲ್ಲಿ ಅಡೆನೌವರರಿಗೆ ಕೊಲೋನ್ ನಗರವೇ ಒಂದು ರಾಜ್ಯದಷ್ಟಾಗಿತ್ತು. ಪೂರ್ವ ಜರ್ಮನಿಯಲ್ಲಿ ಬೆಳೆದ ಆಂಗೆಲಾ ಮೆರ್ಕೆಲ್ ಅವರು ಯಾವ ರಾಜ್ಯವನ್ನೂ ಆಳದೆ ನೇರವಾಗಿ ಕೇಂದ್ರದ ಮಂತ್ರಿಯಾದವರು. ಆದರೂ ೨೦೨೦ರಲ್ಲಿ ಕೊರೋನಾ ಸಾಂಕ್ರಾಮಿಕ ಬಂದಾಗ ಅಂಗಡಿ ಮುಚ್ಚಬೇಕೆ, ಶಾಲೆ ತೆರೆಯಬೇಕೆ ಎಂಬುದನ್ನು ಅವರು ಒಬ್ಬರೇ ಗೊತ್ತುಮಾಡುವಂತಿರಲಿಲ್ಲ; ೧೬ ಮುಖ್ಯಮಂತ್ರಿಗಳೊಡನೆ ರಾತ್ರಿಯವರೆಗೂ ಮಾತಾಡಬೇಕಾಯಿತು. ಕೇಂದ್ರದ ಶಾಸನವಾದರೂ ಅದನ್ನು ನಡೆಸುವ ಕೈಗಳು ರಾಜ್ಯದವು. ಮೂರನೆಯವರು ಫ್ರೀಡ್ರಿಕ್ ಮೆರ್ಟ್ಸ್. ೨೦೨೫ರ ಮೇ ೬ರಂದು ಚಾನ್ಸಲರಾಗುವ ಮೊದಲು ಅವರು ರಾಜ್ಯದಲ್ಲಾಗಲಿ ಕೇಂದ್ರದಲ್ಲಾಗಲಿ ಒಂದು ದಿನವೂ ಮಂತ್ರಿಯಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಅವರಿಗೆ ಬೇಕಾದಷ್ಟು ಮತಗಳು ಬೀಳಲಿಲ್ಲ. ಯುದ್ಧಾನಂತರದ ಜರ್ಮನಿಯಲ್ಲಿ ಹಾಗಾದದ್ದು ಅದೇ ಮೊದಲು. ಮಧ್ಯಾಹ್ನ ಎರಡನೆಯ ಸುತ್ತಿನಲ್ಲಿ ಗೆದ್ದರು.

ಬುಂಡೆಸ್‌ರಾಟಿನ ಅಧ್ಯಕ್ಷ ಪದವಿ ವರ್ಷಕ್ಕೊಬ್ಬರಂತೆ ಮುಖ್ಯಮಂತ್ರಿಗಳ ನಡುವೆ ಸುತ್ತುತ್ತದೆ. ರಾಷ್ಟ್ರಾಧ್ಯಕ್ಷರ ಸ್ಥಾನ ತೆರವಾದರೆ ಆ ಹೊತ್ತಿಗೆ ಪೀಠದಲ್ಲಿರುವವರೇ ಅವರ ಕೆಲಸ ನೋಡಿಕೊಳ್ಳಬೇಕು. ೨೦೧೦ರಲ್ಲಿ ಅಧ್ಯಕ್ಷ ಕ್ಯೋಲರ್ ಹಠಾತ್ತಾಗಿ ರಾಜೀನಾಮೆ ಕೊಟ್ಟಾಗ, ಎಲ್ಲಕ್ಕಿಂತ ಚಿಕ್ಕ ರಾಜ್ಯವಾದ ಬ್ರೆಮೆನ್‌ನ ಮೇಯರ್ ಬ್ಯೋರ್ನ್‌ಸೆನ್ ಸುಮಾರು ಒಂದು ತಿಂಗಳು ಇಡೀ ಜರ್ಮನಿಯ ರಾಷ್ಟ್ರಾಧ್ಯಕ್ಷರ ಕೆಲಸ ಮಾಡಿದರು.

ಸಭೆ ಸಾಮಾನ್ಯವಾಗಿ ಶುಕ್ರವಾರ ಬೆಳಿಗ್ಗೆ ಸೇರುತ್ತದೆ. ಚಪ್ಪಾಳೆ ಅಪರೂಪ, ಕೂಗಾಟ ಇನ್ನೂ ಅಪರೂಪ. ೨೦೦೦ದಲ್ಲಿ ಬಾನ್‌ನಿಂದ ಬರ್ಲಿನ್ನಿಗೆ ಬಂದ ಮೇಲೆ ಅದಕ್ಕೆ ದೊರೆತ ಮನೆ, ಲೈಪ್ಜಿಗ್ ಬೀದಿಯಲ್ಲಿ ಹಿಂದೆ ಪ್ರಷ್ಯದ ಜಮೀನುದಾರ ಶ್ರೀಮಂತರ ಸಭೆ ನಡೆಯುತ್ತಿದ್ದ ಕಲ್ಲಿನ ಕಟ್ಟಡ. ಗಣರಾಜ್ಯದ ಕಾಲದಲ್ಲಿ, ೧೯೩೩ರವರೆಗೆ, ಪ್ರಷ್ಯದ ಪ್ರಾಂತಗಳ ಪ್ರತಿನಿಧಿಗಳು ಸೇರುತ್ತಿದ್ದದ್ದೂ ಅಲ್ಲಿಯೇ. ಆ ಸಭೆಯ ಅಧ್ಯಕ್ಷರಾಗಿದ್ದವರು ಕೊಲೋನ್‌ನ ಮೇಯರ್ ಕಾನ್ರಾಡ್ ಅಡೆನೌವರ್.